ಮರದ ಮನೆಗೆ ಹೊರಡುವ ಹಿಂದಿನ ದಿನ

ಊಟಿಯಿಂದಾಚೆಯ ಆ ಬೆಟ್ಟದ ಕೆರೆಗೆ ಆರು ಜನ ಹೋಗುವುದೆಂದು ಮಾತಾಗಿತ್ತು. ಐದು ಜನ ಹೋಗಿಬಂದೆವು. ಹೋಗದೆ ಉಳಿದವಳು ನಿಮ್ಮ ಚಿಕ್ಕಜ್ಜಿ. ಅಜ್ಜಿ ಬಾಯ್ತಪ್ಪಿ ಏನೋ ಅಂದುಬಿಟ್ಟಳು, ಅದರಿಂದ ಹಾಗಾಯಿತು ಎಂದು ನಿಮಗೆ ಹೇಳಿದ್ದಾರೆ. ನೀವೂ ನಂಬಿದ್ದೀರಿ. ಮಕ್ಕಳೇ, ಬಾಯ್ತಪ್ಪಿ ಬರಲಿಲ್ಲ. ಅವಳು ಆ ಕೆರೆ ನೋಡಬಾರದು ಎಂದೇ ಹೇಳಿದೆ.

ಎದುರಿಗೆ ಕೂತು ಇದನ್ನು ಹೇಳುವ ಶಕ್ತಿ ನನಗಿಲ್ಲ. ನಾಲ್ಕು ಜನರ ನಡುವೆ ಇನ್ನೊಂದು ಸೌಟು ಸಾರು ಕೇಳುವುದಕ್ಕೂ ಹಿಂಜರಿಯುವವಳು ನಾನು. ಬರೆಯುವುದನ್ನು ಮಾತ್ರ ಗುಬ್ಬಿ ಕಡೆಯ ನಮ್ಮೂರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತಿದ್ದೇನೆ. ಇದಕ್ಕೆ ಅಷ್ಟು ಸಾಕು.

ನಿಮ್ಮ ಚಿಕ್ಕಜ್ಜಿ ನಿಮ್ಮ ತಾತನ ತಂಗಿ, ನನಗೆ ನಾದಿನಿ. ಅವಳನ್ನು ಕುಣಿಗಲ್‌ನಿಂದಾಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಎರಡು ವರ್ಷ ಬಾಳಿದಳು. ಮಕ್ಕಳಾಗಲಿಲ್ಲ ಎಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳನ್ನು ಒಂದು ತಗಡಿನ ಟ್ರಂಕಿನ ಜೊತೆ ಬಸ್ಸು ಹತ್ತಿಸಿದ. ಆಗ ನಿಮ್ಮಪ್ಪ ಇನ್ನೂ ತೊಟ್ಟಿಲಲ್ಲಿದ್ದ. ಅವತ್ತಿನಿಂದ ನಾವಿಬ್ಬರೂ ಒಂದೇ ಒಲೆಯ ಮುಂದೆ ಬಾಳಿದವರು. ಮೊದಲು ಊರಿನಲ್ಲಿ, ನಿಮ್ಮಪ್ಪನಿಗೆ ಕೆಲಸ ಸಿಕ್ಕಿ ತುಮಕೂರಿಗೆ ಬಂದ ಮೇಲೆ ಈ ಉಪ್ಪಾರಹಳ್ಳಿಯ ಮನೆಯಲ್ಲಿ, ಒಟ್ಟು ನಲವತ್ತು ವರ್ಷಕ್ಕೂ ಮೇಲೆ.

ಆ ಗಂಡ ಒಂದು ದಿನ ಬಂದು ಇವಳು ಉಂಡಳೇ, ಉಟ್ಟಳೇ ಎಂದು ಕೇಳಲಿಲ್ಲ. ಇವಳು ಮಾತ್ರ ಅವನ ಹೆಸರಿನ ಕುಂಕುಮ, ಹಸಿರು ಬಳೆ, ಕಾಲುಂಗುರ, ತಾಳಿ, ಒಂದನ್ನೂ ಬಿಡಲಿಲ್ಲ. ವರ್ಷಕ್ಕೊಮ್ಮೆ ಯಡಿಯೂರಿಗೆ ಹೋಗಿ ಗುಡಿಯಲ್ಲಿ ಅವನ ಆಯಸ್ಸಿಗೆಂದು ಪೂಜೆ ಮಾಡಿಸಿಕೊಂಡು ಬರುತ್ತಿದ್ದಳು. ಅವನ ಊರು ಅಲ್ಲಿಗೆ ಹತ್ತಿರವೇ. ಅತ್ತ ಕಡೆ ತಿರುಗಿ ನೋಡದೆ ಮಧ್ಯಾಹ್ನದ ಪ್ರಸಾದ ಉಂಡು ವಾಪಸ್ಸು ಬಸ್ಸು ಹತ್ತುತ್ತಿದ್ದಳು.

ನಿಮ್ಮ ತಾತ ಇರುವವರೆಗೂ ನನಗೆ ಇದರಿಂದ ಏನೂ ಅನ್ನಿಸಿರಲಿಲ್ಲ. ಪಾಪ ಎಂದುಕೊಳ್ಳುತ್ತಿದ್ದೆ. ಅವರು ಹೋದ ದಿನ ಎಲ್ಲ ತಿರುವುಮುರುವಾಯಿತು. ಹನ್ನೊಂದನೆಯ ದಿನ ನನ್ನ ಬಳೆ ತೆಗೆಸಿದರು. ಹೊಸದಾಗಿ ಹಾಗಾದವಳ ಮುಖವನ್ನು ಮುತ್ತೈದೆಯರು ನೋಡಬಾರದೆಂಬ ಪದ್ಧತಿ ಇದೆಯಲ್ಲ, ಅದನ್ನು ನಿಮ್ಮ ಚಿಕ್ಕಜ್ಜಿ ಮೂರು ದಿನ ಪಾಲಿಸಿದಳು. ನಾನು ಹಾಲಿಗೆ ಬಂದರೆ ಅವಳು ಕೋಣೆಗೆ ಹೋಗುವಳು. ನಾನು ಬಚ್ಚಲಿಗೆ ಹೋಗುವಾಗ ಎದುರಾದರೆ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದು ಗೋಡೆಗೆ ಒತ್ತಿಕೊಂಡು ನಿಲ್ಲುವಳು. ನಲವತ್ತು ವರ್ಷ ಒಂದೇ ಚಾಪೆಯಲ್ಲಿ ಕೂತು ಅವರೆಕಾಯಿ ಬಿಡಿಸಿದವಳು.

ಆಮೇಲಿನ ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರು ಬಾಗಿನ ಹಿಡಿದು ಬಂದರು. ಬಾಗಿಲಲ್ಲಿ ನಿಂತಿದ್ದ ನನ್ನ ಪಕ್ಕಕ್ಕೆ ಬಂದು ಅವಳು ಮೆಲ್ಲಗೆ ಹೇಳಿದಳು:

"ಅತ್ಗೆ, ನೀನೊಸಿ ಅಡಿಗೆಮನೇಲಿರು. ಬಂದೋರಿಗೆ ಕಸಿವಿಸಿ ಆಗ್ತದೆ."

ನಾನು ಅಡಿಗೆಮನೆಯಲ್ಲಿ ಕೂತು ಹಾಲಿನ ನಗು ಕೇಳಿಸಿಕೊಂಡೆ. ನಲವತ್ತೆರಡು ವರ್ಷ ಒಬ್ಬ ಗಂಡಸಿನ ಜೊತೆ ಬಾಳಿ, ಕೊನೆಯ ಎಂಟು ತಿಂಗಳು ಅವರ ಮಲಮೂತ್ರ ಬಾಚಿದವಳು ನಾನು. ನಾನು ಎದುರು ಬಂದರೆ ಅಪಶಕುನ. ಎಲ್ಲೋ ಇನ್ನೊಬ್ಬಳ ಜೊತೆ ಮಲಗಿ ಎದ್ದುಕೊಂಡಿದ್ದ ಗಂಡಿನ ಉಸಿರು ಇನ್ನೂ ಆಡುತ್ತಿತ್ತು ಎಂಬುದಕ್ಕೆ ಅವಳಿಗೆ ಆರತಿ, ಬಾಗಿನ. ಮೂರು ಗೌರಿ ಹಬ್ಬ ನಾನು ಹೀಗೆ ಅಡಿಗೆಮನೆಯಲ್ಲಿ ಕಳೆದೆ. ಅಲ್ಲಿ ಕೂತು ನಾನು ಬೇಡಿಕೊಳ್ಳುತ್ತಿದ್ದದ್ದು ಏನೆಂದು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಆ ಗಂಡಸು ಸಾಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅವನ ಮುಖವನ್ನು ನಾನು ಸರಿಯಾಗಿ ನೋಡಿದ್ದೂ ಇಲ್ಲ.

ಆ ಮೂರನೆಯ ಗೌರಿ ಹಬ್ಬ ಕಳೆದ ವಾರವೇ ನಿಮ್ಮ ಮರದ ಮನೆಯ ಮಾತು ಶುರುವಾಯಿತು. ಮೊಮ್ಮಗಳೇ, ನೀನು ಕಾಲೇಜಿನಿಂದ ಬಂದವಳೇ ಫೋನು ಹಿಡಿದು ಎಲ್ಲರ ಮುಖದ ಮುಂದೆ ಆಡಿಸಿದೆ. ಬೆಟ್ಟಗಳ ನಡುವೆ ಕಪ್ಪಗೆ ಒಂದು ಕೆರೆ. ದಡದಲ್ಲಿ ಪೂರಾ ಹಲಗೆಯಲ್ಲೇ ಕಟ್ಟಿದ ಮನೆ. ಮೇಲೊಂದು ಅಟ್ಟ. ಅಟ್ಟದಲ್ಲಿ ಕೆರೆಯ ಕಡೆಗೆ ಒಂದು ಸಣ್ಣ ಕಿಟಕಿ. ಆಯುಧಪೂಜೆ ಮುಗಿಸಿಕೊಂಡು ಶನಿವಾರ ಹೊರಟು, ಬುಧವಾರ ಬರುವುದು ಎಂದು ನಿಮ್ಮಪ್ಪ ಒಪ್ಪಿದ.

"ಮರದ ಮನೆ ಅಂತೀಯ, ಗೆದ್ಲು ಹಿಡಿಯಲ್ವೇನೇ?" ಎಂದಳು ಚಿಕ್ಕಜ್ಜಿ.

"ಇಲ್ಲ ಚಿಕ್ಕಜ್ಜಿ, ಅದಕ್ಕೆ ಏನೋ ಪಾಲಿಶ್ ಹೊಡೆದಿರ್ತಾರೆ."

"ಕೆರೆ ಎಷ್ಟು ದೊಡ್ಡದು? ಹೆಬ್ಬೂರು ಕೆರೆಯಷ್ಟು ಇದ್ದಾತಾ?"

"ಅಯ್ಯೋ, ಅದಕ್ಕಿಂತ ದೊಡ್ಡದು. ಬೆಳಿಗ್ಗೆ ಎದ್ರೆ ನೀರೇ ಕಾಣಲ್ವಂತೆ, ಬರೀ ಮಂಜು."

"ನೀರು ಕಾಣ್ದಿರೋ ಕೆರೆ ನೋಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಬೇಸಿಗೇಲಿ ನಮ್ಮೂರ ಕೆರೇಲೂ ನೀರು ಕಾಣಲ್ಲ ಕಣೇ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವಳು ಹೀಗೆ ಮಾತಾಡಿ ಎಲ್ಲರನ್ನೂ ಸುತ್ತ ಕೂರಿಸಿಕೊಳ್ಳುವವಳು. ಸ್ನಾನ ಮಾಡಿಸುವಾಗ, ತಲೆ ಬಾಚುವಾಗ, ಜ್ವರ ಬಂದಾಗ ನೀವು ಕೂಗುತ್ತಿದ್ದದ್ದು ಅವಳನ್ನೇ. ಅದರಲ್ಲಿ ನಿಮ್ಮ ತಪ್ಪಿಲ್ಲ. ಮಾತಿಲ್ಲದವಳ ಹತ್ತಿರ ಮಕ್ಕಳು ಎಷ್ಟು ಹೊತ್ತು ಕೂರುತ್ತವೆ?

ಆದರೆ ಆ ಕಿಟಕಿಯನ್ನು ನಾನು ಆಸೆಪಟ್ಟೆ. ಫೋನಿನಲ್ಲಿ ಕಂಡ ಆ ಸಣ್ಣ ಕಿಟಕಿ ನನ್ನ ಕಣ್ಣಿಗೆ ಕಟ್ಟಿತ್ತು. ಬೆಳಗಿನ ಹೊತ್ತು ಅದರ ಮುಂದೆ ಒಬ್ಬಳೇ ಕೂತು ಮಂಜು ಸರಿಯುವುದನ್ನು ನೋಡಬೇಕು ಎನ್ನಿಸಿತ್ತು. ಯಾರಿಗೂ ಹೇಳಿರಲಿಲ್ಲ.

ಅದರ ಮರುದಿನ ಮಲಗುವ ವ್ಯವಸ್ಥೆಯ ಮಾತು ಬಂತು. ನೀನು ಒಂದು ಕಾಗದದ ಮೇಲೆ ಮನೆಯ ನಕ್ಷೆ ಬರೆದು ಹೆಸರು ತುಂಬಿಸಿದೆ. "ಅಟ್ಟದಲ್ಲಿ ನಾನು, ತಮ್ಮ, ಚಿಕ್ಕಜ್ಜಿ. ಕೆಳಗೆ ರೂಮಲ್ಲಿ ಅಪ್ಪ ಅಮ್ಮ. ಅಜ್ಜಿಗೆ ಹಾಲಲ್ಲಿ ಒಂದು ಎಕ್ಸ್‌ಟ್ರಾ ಬೆಡ್ ಹಾಕಿಸಿಕೊಡ್ತಾರಂತೆ."

ನಿಮ್ಮಮ್ಮ, "ಪಾಪ, ಅತ್ತೆ ಒಬ್ಬರೇ ಹಾಲಲ್ಲಿ ಮಲಗ್ಬೇಕಲ್ಲೇ. ಅವರನ್ನೂ ಮೇಲೆ ಹಾಕೋ ಹಾಗಿದ್ರೆ ನೋಡು" ಎಂದಳು.

"ಅಜ್ಜಿ ಏನೂ ಅನ್ನಲ್ಲ ಬಿಡಮ್ಮ. ಎಲ್ಲಿ ಹಾಕಿದ್ರೂ ಮಲಗ್ತಾರೆ."

"ಹೌದು ಬುಡಿ," ಎಂದಳು ಚಿಕ್ಕಜ್ಜಿ. "ನಿಮ್ಮಜ್ಜಿಗೆ ಮಂಡಿ ನೋವು. ಏಣಿ ಹತ್ತಿಸಿ ಕೆಡವಿಬುಟ್ರೆ ಊಟಿ ಆಸ್ಪತ್ರೇಲಿ ಕೂರ್ಬೇಕಾಗ್ತದೆ."

ನನ್ನ ಮಂಡಿ ಅವಳ ಮಂಡಿಗಿಂತ ಕೆಟ್ಟದ್ದೇನೂ ಇರಲಿಲ್ಲ. ನಾನು ಹತ್ತುತ್ತೇನೆ ಎಂಬ ಒಂದು ಮಾತು ಸಾಕಿತ್ತು. ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ನೀವು ದೋಣಿಯ ಮಾತಿಗೆ ಹೋಗಿದ್ದಿರಿ.

ಆ ಮೂರು ನಾಲ್ಕು ವಾರ ಅವಳ ಸಡಗರ ನೋಡಬೇಕಿತ್ತು. ಹುಟ್ಟಿದಾಗಿನಿಂದ ಸ್ವೆಟರ್ ಹಾಕದವಳು ಸೊಸೆಯ ಜೊತೆ ಪೇಟೆಗೆ ಹೋಗಿ ನೀಲಿ ಸ್ವೆಟರ್ ತಂದಳು. ತಂದ ದಿನ ಉರಿಬಿಸಿಲಿನಲ್ಲಿ ಅದನ್ನು ತೊಟ್ಟು ಬೆವರಿಳಿಸಿಕೊಂಡು ಬೀದಿಯ ಈ ತುದಿಯಿಂದ ಆ ತುದಿಗೆ ಓಡಾಡಿದಳು. ತರಕಾರಿಯವಳು ಕೇಳಿದರೂ ಊಟಿ, ಹಾಲಿನವನು ಕೇಳಿದರೂ ಊಟಿ. ಮರದ ಮನೆಯಲ್ಲಿ ಒಲೆ ಇದೆ ಎಂದು ತಿಳಿದ ಮೇಲೆ ರಾಗಿ ಹಿಟ್ಟು, ಮುದ್ದೆ ಕೋಲು ಕೂಡ ಚೀಲಕ್ಕೆ ಹಾಕಿದಳು.

"ಚಿಕ್ಕಜ್ಜಿ, ಊಟೀಗೆ ಹೋಗಿ ಮುದ್ದೆನಾ?" ಎಂದು ಮೊಮ್ಮಗನೇ, ನೀನು ಮುಖ ಕಿವುಚಿದೆ.

"ಯಾಕ್ಲಾ, ಊಟೀಲಿ ಹೊಟ್ಟೆ ಬೇರೆ ಇರ್ತದಾ?"

ಹೊರಡಲು ಎರಡು ದಿನ ಇದ್ದಾಗ, ಗುರುವಾರ ಬೆಳಿಗ್ಗೆ, ನಿಮ್ಮಪ್ಪನಿಗೆ ಫೋನು ಬಂತು. ನಾನು ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದೆ. ಅವನು ಮೇಲೆ ಬಂದು ಬಾಗಿಲು ಹಾಕಿಕೊಂಡ. ಹಿಂದೆಯೇ ನಿಮ್ಮಮ್ಮ.

"ಅಮ್ಮ, ಅತ್ತೆ ಗಂಡ ಹೋಗ್ಬಿಟ್ನಂತೆ. ಬೆಳಿಗ್ಗೆ ಐದಕ್ಕೆ. ಅವನ ತಮ್ಮನ ಮಗ ಫೋನ್ ಮಾಡಿದ್ದ. ಮುಖ ನೋಡಕ್ಕೆ ಬರೋದಾದ್ರೆ ಸಂಜೆ ತನಕ ಇಟ್ಕೊಂಡಿರ್ತೀವಿ ಅಂದ. ಅತ್ತೆಗೆ ಹುಷಾರಿಲ್ಲ, ಬರಕ್ಕಾಗಲ್ಲ ಅಂದ್ಬಿಟ್ಟೆ."

ನನ್ನ ಕೈಯಲ್ಲಿ ಅವಳದೇ ಸೀರೆ ಇತ್ತು. ಹಿಂಡಿದ್ದು ಹಾಗೆಯೇ ನಿಂತಿತು.

"ಇವಾಗ ಹೇಳಿದ್ರೆ ಮುಗೀತು," ಎಂದ. "ಸೂತಕ, ಹನ್ನೊಂದು ದಿನ ಅಂತ ಕೂತ್ಕೋತಾರೆ, ಬರೋದೇ ಇಲ್ಲ. ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ತಾನೇ ಸೂತಕ? ಗೊತ್ತಿಲ್ದೋರಿಗೆ ಯಾವ ಸೂತಕ? ಬುಧವಾರ ವಾಪಸ್ ಬಂದ ದಿನಾನೇ ಹೇಳ್ತೀನಿ. ತಿಥಿ ಭಾನುವಾರ. ನಾನೇ ಕರ್ಕೊಂಡು ಹೋಗ್ತೀನಿ."

"ತಪ್ಪಲ್ವೇನ್ರೀ?" ಎಂದಳು ನಿಮ್ಮಮ್ಮ.

"ನಲವತ್ತು ವರ್ಷ ಇಲ್ದೇ ಇದ್ದ ಗಂಡ ಆರು ದಿನ ತಡವಾಗಿ ಸತ್ರೆ ಏನಾಗುತ್ತೆ?"

ಅವಳಿಗೆ ನಗು ಬಂತು, ತಡೆದುಕೊಂಡಳು. ನಮ್ಮ ಕಡೆ ಇದು ಹೊಸದಲ್ಲ. ಮದುವೆಯ ಚಪ್ಪರ ಹಾಕಿದ ಮನೆಗೆ ಸಾವಿನ ಸುದ್ದಿಯನ್ನು ಧಾರೆ ಮುಗಿಯುವವರೆಗೆ ತಲುಪಿಸುವುದಿಲ್ಲ. ನಿಮ್ಮಪ್ಪ ಮಾಡಿದ್ದು ಪ್ರೀತಿಯಿಂದ. ತನ್ನನ್ನು ಎತ್ತಿ ಆಡಿಸಿದ ಅತ್ತೆಗೆ ಒಂದು ಸಲವಾದರೂ ಬೆಟ್ಟ ತೋರಿಸಬೇಕು ಎಂದು. ಕೆಳಗಿಳಿಯುವಾಗ ಹೆಂಡತಿಗೆ ಹೇಳಿದ: "ನೀನು ಬಾಯಿ ಬಿಡಬೇಡ. ಅಮ್ಮನ ಬಗ್ಗೆ ಯೋಚನೆ ಇಲ್ಲ. ಅಮ್ಮನ ಬಾಯಿಂದ ಏನೂ ಬರಲ್ಲ."

ಆ ದಿನವೆಲ್ಲ ನಾನು ಅವಳ ಹಣೆಯನ್ನೇ ನೋಡುತ್ತಿದ್ದೆ. ಅವಳು ಕುಂಕುಮವನ್ನು ಎಂದಿನಂತೆ ದುಂಡಗೆ ಇಟ್ಟಿದ್ದಳು. ಹೊತ್ತು ಇಳಿಯುವ ಹೊತ್ತಿಗೆ ಅಲ್ಲಿ ಅವನನ್ನು ಮಣ್ಣು ಮಾಡುತ್ತಿರುತ್ತಾರೆ ಎಂದುಕೊಂಡೆ. ಇಲ್ಲಿ ಅವಳು, ಮೊಮ್ಮಗಳೇ, ಗುಂಗುರು ಕೂದಲಿನ ನಿನ್ನ ತಲೆಗೆ ಎಣ್ಣೆ ಹಚ್ಚುತ್ತಾ, ಅಟ್ಟದಲ್ಲಿ ಮಲಗಿದಾಗ ಹೇಳುವ ದೆವ್ವದ ಕಥೆಗಳನ್ನು ಎಣಿಸಿ ಇಡುತ್ತಿದ್ದಳು. ಈ ಮನೆಯಲ್ಲಿ ಈಗ ಇಬ್ಬರು ವಿಧವೆಯರು ಇದ್ದೇವೆ, ಒಬ್ಬಳಿಗೆ ಮಾತ್ರ ಅದು ಗೊತ್ತು ಎಂಬುದು ನನಗೆ ಬೆಲ್ಲದ ಚೂರನ್ನು ಬಾಯಲ್ಲಿ ಇಟ್ಟುಕೊಂಡಂತೆ ಇತ್ತು. ನುಂಗದೆ, ಅಗಿಯದೆ ಇಟ್ಟುಕೊಂಡಿದ್ದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು.

ಶುಕ್ರವಾರ ಮಧ್ಯಾಹ್ನ ನೀವಿಬ್ಬರೂ ಅಂಗಡಿಗೆ ಹೋಗಿದ್ದಿರಿ. ನಿಮ್ಮಪ್ಪ ಅಮ್ಮ ಆಫೀಸಿನಲ್ಲಿದ್ದರು. ಹಾಲಿನಲ್ಲಿ ಐದಾರು ಚೀಲ ಜೋಡಿಸಿಟ್ಟಿತ್ತು. ಚಿಕ್ಕಜ್ಜಿ ದಾರಿಗೆಂದು ಕೋಡುಬಳೆ ಕರಿಯುತ್ತಿದ್ದಳು, ನಾನು ಹಿಟ್ಟು ಹೊಸೆದು ಕೊಡುತ್ತಿದ್ದೆ.

"ಅತ್ಗೆ, ಬಾಯಂತೂ ಆಡ್ಸಲ್ಲ, ಕೈಯಾದ್ರೂ ಬಿರ್ರನೆ ಆಡ್ಸು," ಎಂದಳು. ಅವಳ ಮಾತಿನ ಧಾಟಿಯೇ ಅದು.

ಸೆಕೆಗೆ ಅವಳ ಕುಂಕುಮ ಕರಗಿ ಮೂಗಿನ ಮೇಲೆ ಇಳಿದಿತ್ತು. ಉರಿ ಸಣ್ಣ ಮಾಡಿ, ಮುಖ ತೊಳೆದು, ಗೋಡೆಯ ಕನ್ನಡಿಯ ಮುಂದೆ ನಿಂತಳು. ಪ್ರವಾಸಕ್ಕೆಂದು, ಮೊಮ್ಮಗಳೇ, ನೀನು ಅವಳಿಗೆ ಒಂದು ಹಾಳೆ ಸ್ಟಿಕ್ಕರ್ ತಂದುಕೊಟ್ಟಿದ್ದೆಯಲ್ಲ, ಅದರಿಂದ ಒಂದನ್ನು ಬಿಡಿಸಿ ಹಣೆಗೆ ಒತ್ತಿದಳು. ಆಮೇಲೆ ಇನ್ನೊಂದನ್ನು ಬಿಡಿಸಿದಳು. ಬೆರಳ ತುದಿಯಲ್ಲಿ ಅದನ್ನು ಹಿಡಿದುಕೊಂಡು ನನ್ನ ಮುಂದೆ ಬಂದು ಕುಕ್ಕರುಗಾಲಿನಲ್ಲಿ ಕೂತಳು. ಕಣ್ಣಲ್ಲಿ ನಗು.

"ಬಾ, ನಿಂಗೂ ಒಂದು ಅಂಟಿಸ್ತೀನಿ. ಊಟೀಲಿ ಯಾರಿಗ್ ಗೊತ್ತಾಗ್ತದೆ? ಫೋಟೋದಲ್ಲಿ ನಿನ್ನ ಹಣೆ ಬೋಳುಬೋಳಾಗಿ ಕಂಡ್ರೆ ಮಕ್ಕಳಿಗೆ ಬೇಜಾರಾಗ್ತದೆ."

ಅದು ಕುಚೋದ್ಯವೋ ಅಕ್ಕರೆಯೋ, ನಾನು ಇವತ್ತಿನವರೆಗೂ ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಕರೆಯೇ ಇದ್ದೀತು. ಅವಳ ಬೆರಳು ನನ್ನ ಹಣೆಗೆ ತಾಕುವಷ್ಟು ಹತ್ತಿರ ಬಂದಾಗ ಹಿಟ್ಟಿನ ಕೈಯಲ್ಲೇ ಅವಳ ಮಣಿಕಟ್ಟು ಹಿಡಿದೆ.

"ನಂಗೆ ಬೇಡ," ಎಂದೆ. "ಇನ್ನು ನಿಂಗೂ ಬೇಡ."

ಅವಳು ಇನ್ನೂ ನಗುತ್ತಲೇ ಇದ್ದಳು. "ಯಾಕೆ? ನಂಗೇನಾಗದೆ?"

ಅಲ್ಲಿಗೆ ನಿಲ್ಲಿಸಬಹುದಿತ್ತು. ಏನಿಲ್ಲ, ಸುಮ್ಮನೆ ಅಂದೆ ಎನ್ನಬಹುದಿತ್ತು. ನನ್ನ ಮಾತನ್ನು ಈ ಮನೆಯಲ್ಲಿ ಯಾರೂ ಎರಡನೆಯ ಸಲ ಕೇಳುವುದಿಲ್ಲ, ಅವಳೂ ಬಿಟ್ಟುಬಿಡುತ್ತಿದ್ದಳು. ನನಗೆ ಅದೆಲ್ಲ ಗೊತ್ತಿತ್ತು. ಶನಿವಾರ ಅವಳು ಅಟ್ಟ ಹತ್ತಬಾರದು, ಆ ಕಿಟಕಿ ಅವಳಿಗೆ ಸಿಗಬಾರದು ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

"ನಿನ್ನ ಗಂಡ ಸತ್ತೋದ," ಎಂದೆ.

ಇಷ್ಟು ಸ್ಪಷ್ಟವಾಗಿ, ಇಷ್ಟು ಗಟ್ಟಿಯಾಗಿ ನಾನು ಜೀವನದಲ್ಲಿ ಮಾತಾಡಿರಲಿಲ್ಲ.

ಅವಳು ಕೈ ಬಿಡಿಸಿಕೊಳ್ಳಲಿಲ್ಲ. "ಯಾವಾಗ?"

"ನಿನ್ನೆ ಬೆಳಿಗ್ಗೆ."

"ಮಣ್ಣು ಮಾಡಿದ್ರಾ?"

"ನಿನ್ನೆ ಸಂಜೇನೆ. ನಿಂಗೋಸ್ಕರ ಸಂಜೆ ತನಕ ಇಟ್ಕೊಂಡಿದ್ರಂತೆ."

ಈ ಕೊನೆಯ ಮಾತನ್ನು ಹೇಳಬೇಕಾಗಿರಲಿಲ್ಲ. ಅದನ್ನೂ ಹೇಳಿದೆ.

"ನಿಂಗೆ ಯಾವಾಗ ಗೊತ್ತಾಯ್ತು?"

"ನಿನ್ನೇನೆ."

ಬೆರಳಿಗೆ ಅಂಟಿದ್ದ ಸ್ಟಿಕ್ಕರನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಿನ್ನೆ ಹೇಳಿದ್ರೆ ಮುಖ ನೋಡ್ತಿದ್ದೆ," ಎಂದಳು. "ಬುಧವಾರ ಹೇಳಿದ್ರೆ ಕೆರೆ ನೋಡ್ತಿದ್ದೆ. ಇವತ್ತು ಯಾಕೆ ಹೇಳ್ದೆ ಅತ್ಗೆ?"

ನನ್ನ ಮಾತು ಆಗಲೇ ಮುಗಿದಿತ್ತು.

ಅಳುತ್ತಾಳೆ ಎಂದು ಕಾದೆ. ಅವಳು ಎದ್ದು ಬಾಣಲೆಯ ಹತ್ತಿರ ಹೋದಳು. ಎಣ್ಣೆಯಲ್ಲಿ ಒಂದು ಒಬ್ಬೆ ಕೋಡುಬಳೆ ಕೆಂಪಗಾಗುತ್ತಿತ್ತು. ಒಲೆ ಆರಿಸಿದಳು.

"ಡಬ್ಬೀಲಿರೋದು ಕೇಳೋಕೆ ಮುಂಚೆ ಕರಿದಿದ್ದು. ಅದನ್ನ ಮಕ್ಕಳು ತಿನ್ನಬೌದು. ಇದು ಆಗಲ್ಲ," ಎಂದು ಬಾಣಲೆಯಲ್ಲಿದ್ದದ್ದನ್ನು ಜಾಲರಿಯಲ್ಲಿ ಎತ್ತಿ, ಹಿತ್ತಲಿಗೆ ಹೋಗಿ ಸುರಿದಳು. ವಾಪಸ್ಸು ಬಂದು ಡಬ್ಬಿಯನ್ನು ಮುಟ್ಟದೆ ಕಾಲಿನಿಂದ ನನ್ನ ಕಡೆ ತಳ್ಳಿದಳು. "ನೀನು ಮುಚ್ಚಳ ಹಾಕು. ನಾನು ಮುಟ್ಟಂಗಿಲ್ಲ." ಆಮೇಲೆ ಬಚ್ಚಲಿಗೆ ಹೋಗಿ ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ಬಿಂದಿಗೆಯ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಡಬ್ಬಿಗೆ ಮುಚ್ಚಳ ಹಾಕಿದೆ.

ಸಂಜೆ ನಿಮ್ಮಪ್ಪ ಬಂದಾಗ ಅವಳು ಒದ್ದೆ ಕೂದಲು ಬಿಟ್ಟುಕೊಂಡು ಹಿತ್ತಲ ಮೆಟ್ಟಿಲಲ್ಲಿ ಕೂತಿದ್ದಳು. ಹಣೆಯಲ್ಲಿ ಏನೂ ಇರಲಿಲ್ಲ.

"ಯಾರು ಹೇಳಿದ್ದು?" ಎಂದು ಅವನು ಕೂಗಿದ.

"ನಿಮ್ಮವ್ವ."

ಅವನು ಒಳಗೆ ಬಂದು ನನ್ನನ್ನು ನೋಡಿದ. "ಅಮ್ಮ, ಅಪ್ಪ ಸತ್ತಾಗಲೂ ನಿನ್ನ ಬಾಯಿಂದ ಒಂದು ಶಬ್ದ ಬರಲಿಲ್ಲ. ಇವತ್ತು ಬಂತಾ?"

ನಿಮ್ಮಮ್ಮ ಅವನ ತೋಳು ಹಿಡಿದಳು. "ಬಿಡ್ರಿ. ಬಾಯ್ತಪ್ಪಿ ಬಂದಿರುತ್ತೆ. ಇಬ್ಬರೇ ಇದ್ರು, ತಡ್ಕೊಳಕ್ಕೆ ಆಗಿರಲ್ಲ."

ಸೊಸೆ ಕೊಟ್ಟ ಆ ಮಾತನ್ನು ನಾನು ತಕ್ಷಣ ಹಿಡಿದುಕೊಂಡೆ. "ಹೂಂ, ಬಾಯ್ತಪ್ಪಿ ಬಂತು," ಎಂದೆ. ಹಿತ್ತಲಲ್ಲಿ ಕೂತಿದ್ದವಳು ಅದನ್ನು ಕೇಳಿಸಿಕೊಂಡಳು. ಅಲ್ಲ ಎನ್ನಲಿಲ್ಲ. ಆ ಸುಳ್ಳೇ ನಿಮ್ಮವರೆಗೂ ಬಂದದ್ದು.

ಪ್ರವಾಸ ನಿಲ್ಲಿಸೋಣ ಎಂದು ನಿಮ್ಮಪ್ಪ ಒಂದು ಸಲ ಅಂದ. ನೀವಿಬ್ಬರೂ ಅತ್ತಿರಿ. ಅವಳೇ ಹಿತ್ತಲಿಂದ ಹೇಳಿದಳು, "ಮಕ್ಕಳನ್ನ ಕರ್ಕೊಂಡು ಹೋಗು. ನನ್ನ ಹಾದೀಲಿ ಇಳ್ಸು, ಸಾಕು. ಹನ್ನೊಂದು ದಿನ ಅಲ್ಲಿರ್ಬೇಕಾದ್ದು ನ್ಯಾಯ." ಮೈಸೂರಿಗೆ ಹೋಗುವ ದಾರಿ ಕುಣಿಗಲ್ ಮೇಲೆಯೇ ತಾನೇ.

ಹಾಗೆ ಶನಿವಾರ ಬೆಳಿಗ್ಗೆ ಆರೂ ಜನ ಒಂದೇ ಬಾಡಿಗೆ ಕಾರಿನಲ್ಲಿ ಹೊರಟೆವು. ಸೂತಕದವಳು ಕೂರುವ ಸೀಟಿಗೆ ಹಳೆಯ ದುಪ್ಪಟಿ ಹಾಸುವುದು ಒಳ್ಳೆಯದು ಎಂದು ಸೊಸೆಯ ಕಿವಿಯಲ್ಲಿ ಹೇಳಿದವಳು ನಾನೇ. ಅವಳು ಹಾಸಿದಳು. ಚಿಕ್ಕಜ್ಜಿ ಅದನ್ನು ನೋಡಿ, ಸೆರಗನ್ನು ಒತ್ತಿ ಹಿಡಿದುಕೊಂಡು ಕೂತಳು. ಮೊಮ್ಮಗನೇ, ನೀನು ಅವಳ ತೊಡೆ ಹತ್ತಲು ಹೋದಾಗ "ಮುಟ್ಬೇಡ ಕಣೋ" ಎಂದು ಅವಳೇ ಸರಿದುಕೊಂಡಳು. ಬೇರೆ ಚೀಲ ಕಟ್ಟಿಕೊಳ್ಳಲು ಹೊತ್ತಿರಲಿಲ್ಲ. ಪ್ರವಾಸಕ್ಕೆ ಕಟ್ಟಿದ್ದನ್ನೇ ತಂದಿದ್ದಳು. ಸ್ವೆಟರ್, ಕಾಲುಚೀಲ, ಮಂಕಿ ಟೋಪಿ, ಎಲ್ಲವೂ ಅದರಲ್ಲೇ ಇದ್ದವು.

ಆ ಊರಿನಲ್ಲಿ ಅವನ ಮನೆಯ ಮುಂದೆ ಕಾರು ನಿಂತಿತು. ಅವನ ಇನ್ನೊಬ್ಬ ಹೆಂಡತಿ ಜಗಲಿಯಲ್ಲಿ ಕೂತಿದ್ದವಳು ಎದ್ದು ಬಂದು, ಕಾರನ್ನು, ಕಾರಿನ ಮೇಲೆ ಕಟ್ಟಿದ್ದ ಚೀಲಗಳನ್ನು, ನಿಮ್ಮ ಹೊಸ ಟೋಪಿಗಳನ್ನು ನೋಡಿದಳು.

"ಇವಾಗ ಬಂದ್ಯೇನಕ್ಕ? ಮುಖ ನೋಡಕ್ಕೆ ಬರ್ದೋಳು, ಟೂರಿಗೆ ಹೋಗೋ ದಾರೀಲಿ ಇಳ್ಕಂಡ್ಯಾ?"

ಜಗಲಿಯ ಮೇಲಿದ್ದ ನಾಲ್ಕೈದು ಹೆಂಗಸರು ಕತ್ತು ಎತ್ತಿ ನೋಡಿದರು. ಚಿಕ್ಕಜ್ಜಿ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ತನಗೆ ಸುದ್ದಿ ಮುಟ್ಟಿಸಲಿಲ್ಲ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ನಿಮ್ಮಪ್ಪ ಕಾರು ತಿರುಗಿಸಿದ. ಊರು ದಾಟಿದ ಮೇಲೆ ನಿಮ್ಮಮ್ಮ ದುಪ್ಪಟಿಯನ್ನು ಸುತ್ತಿ ಡಿಕ್ಕಿಗೆ ಹಾಕಿ, ಸೀಟಿಗೆ ಅರಿಶಿನದ ನೀರು ಚಿಮುಕಿಸಿದಳು. ನಾನು ಆ ಸೀಟಿಗೆ, ಕಿಟಕಿಯ ಪಕ್ಕಕ್ಕೆ ಸರಿದು ಕೂತೆ.

ಮರದ ಮನೆಯಲ್ಲಿ ಅಟ್ಟ ನನಗೆ ಸಿಕ್ಕಿತು. ಏಣಿಯನ್ನು ನಾನು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ನಾಲ್ಕು ಬೆಳಗೂ ಆ ಕಿಟಕಿಯ ಮುಂದೆ ಕೂತೆ. ಮಂಜು ನೀರಿನ ಮೇಲಿಂದ ಏಳುವಾಗ ಮೊದಲು ದೋಣಿಗಳ ಮೂತಿ ಕಾಣುತ್ತಿತ್ತು, ಆಮೇಲೆ ನೀರು, ಕೊನೆಯಲ್ಲಿ ಆಚೆ ದಡದ ಮರಗಳು. ಅವಳ ನೆನಪು ಬರಲಿಲ್ಲವೇ ಎಂದು ಕೇಳುತ್ತೀರಿ. ಬಂತು. ಬಂದು, ಹೋಯಿತು.

ಭಾನುವಾರ ತಿಥಿಗೆ ನಿಮ್ಮಪ್ಪ, ನಾನು, ಮೊಮ್ಮಗಳೇ, ನೀನು, ಮೂವರೂ ಹೋದೆವು. ನೀನು ಹಟ ಮಾಡಿ ಬಂದಿದ್ದೆ. ನಿನ್ನನ್ನು ಕಾರಿನಲ್ಲೇ ಕೂರಿಸಿ ನಮ್ಮನ್ನು ಊರ ಕೆರೆಯ ದಂಡೆಗೆ ಕರೆದುಕೊಂಡು ಹೋದರು. ಇಬ್ಬರು ಹೆಂಡತಿಯರನ್ನೂ ಅಲ್ಲಿ ಕೂರಿಸಿದ್ದರು. ಆ ವರ್ಷ ಅವಳಿಗೆ ಸಿಕ್ಕಿದ ಕೆರೆ ಅದೇ. ಚಿಕ್ಕವಳ ಬಳೆಯನ್ನು ಅವಳ ಚಿಕ್ಕಮ್ಮ ತೆಗೆದಳು. ದೊಡ್ಡವಳಿಗೆ ಅಲ್ಲಿ ಯಾರೂ ಇರಲಿಲ್ಲ. "ನಿಮ್ಮ ಕಡೇರು ಯಾರಾನ ಬನ್ರವ್ವ" ಎಂದು ಕೂಗಿದರು. ಬಳೆ ತೆಗೆಯುವವಳೂ ಗಂಡನಿಲ್ಲದವಳೇ ಆಗಿರಬೇಕು. ನಾನು ಹೋದೆ.

ಅವಳು ತಾನಾಗಿಯೇ ಎರಡೂ ಕೈ ಚಾಚಿದಳು. ಒಂಬತ್ತು ದಿನದಲ್ಲಿ ಮಣಿಕಟ್ಟು ಇಳಿದು ಬಳೆಗಳು ಸಡಿಲವಾಗಿದ್ದವು, ಹಾಗೆಯೇ ಜಾರಿಸಬಹುದಿತ್ತು. ಒಡೆಯಬೇಕು ಎಂದರು ಹೆಂಗಸರು. ಕಲ್ಲಿಗೆ ಬಡಿದೆ. ಒಂದು ಚೂರು ಅವಳ ಕೈಗೆ ಹೊಕ್ಕು ರಕ್ತ ಬಂತು. "ನೋಡ್ಕಂಡು ಒಡಿ ಅತ್ಗೆ," ಎಂದಳು ಅಷ್ಟೇ.

ವಾಪಸ್ಸು ಬರುವಾಗ ನೀನು ಹಿಂದಿನ ಸೀಟಿನಲ್ಲಿ ನಮ್ಮಿಬ್ಬರ ನಡುವೆ ಕೂತಿದ್ದೆ. ಅವಳ ಬರಿಯ ಹಣೆ, ಬರಿಯ ಕೈಯನ್ನು ನೋಡುತ್ತಿದ್ದೆ. ಕೊನೆಗೆ ಫೋನು ತೆಗೆದು ಕೆರೆಯ ಫೋಟೋಗಳನ್ನು ತೋರಿಸಿದೆ. ಅವಳು ಫೋನನ್ನು ಕೈಗೆ ತೆಗೆದುಕೊಂಡು ಒಂದೊಂದನ್ನೇ ಸರಿಸಿ ನಿಧಾನವಾಗಿ ನೋಡಿದಳು. ಮರದ ಮನೆ. ಅಟ್ಟ. ಮಂಜು. ದೋಣಿ. ದೋಣಿಯಲ್ಲಿ ನೀವಿಬ್ಬರು, ನಡುವೆ ನಾನು. ಅಲ್ಲಿ ಅವಳ ಬೆರಳು ನಿಂತಿತು. ಫೋನನ್ನು ಕಣ್ಣಿನ ಹತ್ತಿರ ಹಿಡಿದಳು.

"ಅಲ್ನೋಡು, ನಿಮ್ಮಜ್ಜಿ ನಗ್ತಾವ್ಳೆ," ಎಂದಳು. "ಇಷ್ಟು ವರ್ಷ ಒಂದೇ ಮನೇಲಿದ್ದೀನಿ, ಇವಳು ಹಲ್ಲು ಬಿಟ್ಟು ನಕ್ಕಿದ್ದು ನಾನು ಕಾಣೆ ಕಣೇ."

ನೀನು ನಕ್ಕೆ. ಅವಳು ನಗಲಿಲ್ಲ. ಫೋನನ್ನು ನಿನ್ನ ತೊಡೆಯ ಮೇಲೆ ಇಟ್ಟು, ಆಚೆ ತಿರುಗಿ ತೆಂಗಿನ ತೋಟಗಳನ್ನು ನೋಡುತ್ತಾ ಕೂತಳು. ಅವತ್ತಿನಿಂದ ನನ್ನ ಜೊತೆ ಉಪ್ಪು, ನೀರು, ಹಾಲು ಎಂಬಷ್ಟೇ ಮಾತಾಡಿದ್ದಾಳೆ. ಗೌರಿ ಹಬ್ಬಕ್ಕೆ ಈಗ ಇಬ್ಬರೂ ಅಡಿಗೆಮನೆಯಲ್ಲಿ ಕೂರುತ್ತೇವೆ, ಬೆನ್ನು ತಿರುಗಿಸಿಕೊಂಡು.

ಆ ಫೋಟೋ ಈಗಲೂ ನಿನ್ನ ಫೋನಿನಲ್ಲಿ ಇರಬೇಕು. ನೀನು ಹೇಳಿದ್ದಕ್ಕೆ ಅಜ್ಜಿ ಫೋಟೋಗಾಗಿ ನಕ್ಕಳು ಎಂದುಕೊಂಡಿರಬೇಡ. ಆ ದೋಣಿಯಲ್ಲಿ ನನಗೆ ನಿಜವಾಗಿಯೂ ಸಂತೋಷವಾಗಿತ್ತು.